ಕಾಡಿಗೆ ಹಚ್ಚಿದ ರಾಣಿ

ಅರವತ್ತರ ದಶಕದಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಪರದೇಶಿಗಳಿಗೆ ಬಾಡಿಗೆ ಮನೆ ಸಿಗುವುದೇ ಕಷ್ಟ. ಸಂಶೋಧನೆಗೆಂದು ಹೋಗಿದ್ದ ನನಗೂ ಹೆಂಡತಿಗೂ ಹೇಗೋ ಒಂದು ಮಹಡಿ ಸಿಕ್ಕಿತ್ತು. ಕೆಳಗಿದ್ದ ಮನೆಯೊಡತಿ ಮಹಾ ದೈವಭಕ್ತೆ. ನನ್ನ ಹೆಂಡತಿ ದಿನಾ ಬೆಳಿಗ್ಗೆ ಬೀದಿಯ ಕಡೆಯ ಕಿಟಕಿಯಲ್ಲಿ ಕೂತು, ತಲೆ ಬಾಚಿ, ಕಣ್ಣಿಗೆ ಕಾಡಿಗೆ ಹಚ್ಚುತ್ತಿದ್ದಳು. ಒಂದು ಶನಿವಾರ ಒಡತಿ ಮೇಲೆ ಬಂದು ನನಗೆ ಹೇಳಿದರು: "ನಾಳೆ ಪಾದ್ರಿಗಳು ಕಾಫಿಗೆ ಬರ್ತಾರೆ. ನಿಮ್ಮಾಕೆ ಈಜೆಬೆಲ್ ಹಾಗೆ ಕಿಟಕೀಲಿ ಕೂತರೆ ಬೇರೆ ಮನೆ ನೋಡ್ಕೊಳ್ಳಿ."

ಹೆಂಡತಿಗೆ ಜರ್ಮನ್ ಬಾರದು; ಒಡತಿಯ ಮಾತನ್ನು ನಾನೇ ಕನ್ನಡದಲ್ಲಿ ಹೇಳಿದೆ. "ಯಾರ್ರೀ ಆ ಈಜೆಬೆಲ್?" ಎಂದಳು. ಒಡತಿಯೇ ನಮ್ಮ ಕಪಾಟಿನಲ್ಲಿ ಇಟ್ಟಿದ್ದ ಬೈಬಲ್ ತೆರೆದು, ಸಂಶೋಧಕನಿಗೆ ತಕ್ಕ ಗಾಂಭೀರ್ಯದಿಂದ ವರದಿ ಒಪ್ಪಿಸಿದೆ.

"ಹಳೇ ಇಸ್ರೇಲಿನ ರಾಣಿ. ಬೇರೆ ದೇಶದಿಂದ ಸೊಸೆಯಾಗಿ ಬಂದವಳು. ಮಹಾ ಕೆಟ್ಟವಳಂತೆ."

"ತವರಿನ ದೇವರನ್ನೂ ತಂದಿದ್ದಳಾ?"

"ತಂದಿದ್ದಳು. ಅದೇ ದೊಡ್ಡ ತಕರಾರು. ತೋಟಕ್ಕಾಗಿ ಒಬ್ಬನನ್ನ ಕೊಲ್ಲಿಸಿದ್ದೂ ಉಂಟು."

"ಅದು ತಪ್ಪು." ಅವಳ ಕಣ್ಣು ಅಡುಗೆಮನೆಯ ಗೂಡಿನಲ್ಲಿದ್ದ ತವರಿನ ಕೃಷ್ಣನ ಕಡೆ ಹೋಯಿತು. "ಆಮೇಲೆ?"

"ಕೊಲ್ಲೋಕೆ ಶತ್ರು ಬಂದಾಗ ಕಾಡಿಗೆ ಹಚ್ಚಿ, ತಲೆ ಬಾಚಿ, ಕಿಟಕಿಯಿಂದ ಅವನನ್ನೇ ಹಂಗಿಸಿದಳು. ಅವಳ ಆಳುಗಳೇ ಹಿಂದಿನಿಂದ ನೂಕಿಬಿಟ್ಟರು."

"ಕಾಲಿಗೆ ಬೀಳಲಿಲ್ಲ ತಾನೆ? ಹಾಗಾದ್ರೆ ಒಡತಿ ನನ್ನ ಹೊಗಳಿದ್ದಾರೆ ಬಿಡಿ."

ಭಾನುವಾರ ಕಾಡಿಗೆ ತುಸು ದಪ್ಪವಾಗಿಯೇ ಇತ್ತು. ಪಾದ್ರಿಗಳು ಬಾಗಿಲಲ್ಲಿ ತಲೆಯೆತ್ತಿದರು. ಅವಳು ಕಿಟಕಿಯಿಂದ ಕೈಮುಗಿದಳು. ಅವರು ಟೋಪಿ ತೆಗೆದು ಬಾಗಿದರು. ಪಕ್ಕದಲ್ಲಿದ್ದ ಒಡತಿಯೂ ಬಾಗಬೇಕಾಯಿತು. ಬೇರೆ ಮನೆಯ ಮಾತು ಮತ್ತೆ ಬರಲಿಲ್ಲ. ನಾನು ಹೆಮ್ಮೆಯಿಂದ ಬೀಗುತ್ತ ಅವಳ ಹಿಂದೆ ನಿಂತಿದ್ದೆ. ನೂಕಲು ಬಂದ ಆಳೆಂದು ಯಾರೂ ತಿಳಿಯದಿರಲಿ ಎಂದು ಸ್ವಲ್ಪ ದೂರದಲ್ಲೇ.