ಮೌನೇಶ್ವರಿ ಆರಿಸಿದ ಅಳತೆ

ಮಸ್ಕಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮೌನೇಶ್ವರಿಯ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು, ಗೋಡೆಯ ಮೊಳೆಗಳಿಗೆ ನೇತುಬಿದ್ದ ಜಂಪರುಗಳು. ಪಾಮನಕಲ್ಲೂರಿನಿಂದ ಮದುವೆಯಾಗಿ ಬಂದವಳು. ಗಂಡ ಯಮನೂರ ಆಟೋ ಓಡಿಸಿ ತರುವುದು ಮನೆಗೆ ಸಾಲದೆಂದು ಹೊಲಿಗೆ ಕಲಿತಳು. ಕೆಲವು ವರ್ಷಗಳಲ್ಲೇ ಸುತ್ತಲಿನ ಹಳ್ಳಿಗಳ ಮದುಮಕ್ಕಳ ಜಂಪರುಗಳು ಅವಳ ಕೈಗೇ ಬರತೊಡಗಿದವು. ಕೆಲಸದಲ್ಲಿ ಅವಳಿಗೆ ಹಟವಿತ್ತು. ತೋಳು ಒಂದೆಳೆ ಬಿಗಿಯಾದರೂ ಪೂರ್ತಿ ಬಿಚ್ಚಿ ಮತ್ತೆ ಹೊಲಿಯುವಳು. ಅವಸರ ಮಾಡಿದವರನ್ನು ಬೈಯುವಳು. ಬೈಸಿಕೊಂಡವರು ಮತ್ತೆ ಅವಳ ಹತ್ತಿರವೇ ಬರುವರು.

ಅವಳ ಕಷ್ಟ ಅವಳ ಎದೆಯದು. ಮೈನೆರೆದ ವರ್ಷ ಶುರುವಾದ ಬೆಳವಣಿಗೆ ಎಲ್ಲರಂತೆ ನಿಲ್ಲಲಿಲ್ಲ. ಒಳಗೆ ಹಾಕುವ ಬಾಡಿಯ ಪಟ್ಟಿಗಳು ಹೆಗಲಿನಲ್ಲಿ ಬೆರಳು ಕೂರುವಷ್ಟು ಕುಣಿ ಕೊರೆದಿದ್ದವು. ಬೇಸಿಗೆಯಲ್ಲಿ ಎದೆಯ ಕೆಳಗಿನ ಚರ್ಮ ಬೆಂದು ಸುಲಿಯುತ್ತಿತ್ತು. ಮಷೀನಿಗೆ ಬಾಗಿದರೆ ಆ ಭಾರವೆಲ್ಲ ಕುತ್ತಿಗೆಗೆ ಜೋತುಬೀಳುತ್ತಿತ್ತು. ಎದುರು ಮನೆಯ ಮೀರಾಬಿ ಮಾತ್ರ ಅದನ್ನು ನಗೆಯಾಗಿ ತೆಗೆದುಕೊಂಡಿದ್ದಳು.

“ಮ್ಯಾಲಿನವ ನಿನಗ ಕೊಡಾಕ ಹೋಗಿ ಕೈ ಜಾರಿ ಪೂರಾ ಸುರುವ್ಯಾನ ನೋಡಬೇ. ನಮ್ಮ ಮನಿಗೆ ಬರೂದ್ರಾಗ ಬುಟ್ಟಿ ಖಾಲಿ!”

“ಒಂದು ನೀನ ಒಯ್ಯಬೇ ಮೀರಾಬಿ. ಪುಣ್ಯ ಬರತೈತಿ” ಎನ್ನುವಳು ಮೌನೇಶ್ವರಿ, ತಲೆ ಎತ್ತದೆ. ತಲೆ ಎತ್ತಿದರೆ ನೋಯುತ್ತಿತ್ತು.

ಮದುವೆಯಾಗಿ ಏಳನೆಯ ವರ್ಷ ಬೆರಳುಗಳು ಜೋಮು ಹಿಡಿಯತೊಡಗಿದವು. ಹಿಡಿದ ಸೂಜಿ ಬಿದ್ದುದೇ ತಿಳಿಯದಾಯಿತು. ಸಿಂಧನೂರಿನ ಎಲುಬಿನ ಡಾಕ್ಟರು ಫೋಟೋ ತೆಗೆಸಿ ನೋಡಿ, ಕುತ್ತಿಗೆಗೆ ಕೊಡುವ ಔಷಧಿಯಿಂದ ಇದು ಹೋಗದು, ಎದೆಯ ಭಾರ ಇಳಿಯಬೇಕು, ಇಲ್ಲವೇ ಮಷೀನು ಬಿಡಬೇಕು ಎಂದರು. ಲಿಂಗಸುಗೂರಿನ ಒಂದು ಆಸ್ಪತ್ರೆಗೆ ಶುಕ್ರವಾರ ಬರುವ ಡಾಕ್ಟರ್ ಸಲ್ಮಾ ಅವರ ಹೆಸರು ಹೇಳಿ ಕಳಿಸಿದರು.

ಸಲ್ಮಾ ನಡುವಯಸ್ಸಿನ ಹೆಂಗಸು, ಮಾತು ನೇರ. ಯಮನೂರನನ್ನು ಹೊರಗೆ ಕೂರಿಸಿ ಮೌನೇಶ್ವರಿಯನ್ನು ಪರೀಕ್ಷೆ ಮಾಡಿದರು. ಹೆಚ್ಚಾದುದನ್ನು ತೆಗೆದು, ಜೋತುಬಿದ್ದುದನ್ನು ಮೇಲೆತ್ತಿ ಕೂರಿಸಬಹುದು ಎಂದರು.

“ಎಷ್ಟು ಉಳಸ್ಬೇಕು ಅನ್ನೂದು ಮಾತ್ರ ನೀವು ಹೇಳ್ಬೇಕ್ರಿ.”

“ಮೂವತ್ತಾರು ಮಾಡ್ರಿ, ಮೇಡಂ.”

ಸಲ್ಮಾ ನಕ್ಕರು. “ಅದು ನಿಮ್ಮ ಜಂಪರಿನ ಲೆಕ್ಕ ಆತು. ನಾ ಟೇಪ್ ಹಿಡದು ಕೊಯ್ಯಂಗಿಲ್ಲ.” ಎರಡೂ ಕೈಗಳನ್ನು ಬಟ್ಟಲಿನಂತೆ ಮಾಡಿ ತೋರಿಸಿದರು. “ಇಷ್ಟ ಸಣ್ಣದು ಮಾಡಿದ್ರ ಕುತ್ತಿಗಿ ಪೂರಾ ಹಗುರ ಆಗತೈತಿ. ಆದ್ರ ತೊಟ್ಟು ಬಿಡಿಸಿ ಮತ್ತ ಕೂಡಿಸ್ಬೇಕಾಗತೈತಿ. ಹಾಲಿನ ದಾರಿ ಕಡದು ಹೋಗತೈತಿ. ಮುಂದ ಕೂಸಿಗೆ ಕುಡಿಸಾಕ ಬರಂಗಿಲ್ಲ.” ಕೈಗಳನ್ನು ಅಗಲಿಸಿದರು. “ಇಷ್ಟು ಉಳಿಸಿದ್ರ ತೊಟ್ಟು ಹಂಗ ಇಡಬಹುದು, ಹಾಲು ಬಂದೀತು. ನೋವು ಮಾತ್ರ ಅರ್ಧಾನ ಹೋಗತೈತಿ. ದಿನಪೂರ್ತಿ ಮಷೀನಿಗೆ ಕುಂದರ್ತೀರಿ ಅಂತ ನಾ ಮಾತು ಕೊಡಂಗಿಲ್ಲ. ಮಕ್ಕಳೆಷ್ಟು?”

“ಇನ್ನಾ ಇಲ್ರಿ.”

ಮೌನೇಶ್ವರಿಗೆ ತನ್ನ ಹೊಲಿಗೆಯ ಕೆಲಸ ನೆನಪಾಯಿತು. ಹೊಸ ಮದುಮಗಳ ಜಂಪರು ಹೊಲಿಯುವಾಗ ಪಕ್ಕದ ಹೊಲಿಗೆಯೊಳಗೆ ಎರಡು ಬೆರಳು ಬಟ್ಟೆ ಬಿಡುವುದು ಅವಳ ಪದ್ಧತಿ. ಬಸುರಿಯಾದಾಗ, ಬಾಣಂತಿಯಾದಾಗ ಒಂದು ದಾರ ಬಿಚ್ಚಿದರೆ ಅದೇ ಜಂಪರು ಮತ್ತೆ ಮೈಗೆ ಬರುತ್ತದೆ.

“ಮ್ಯಾಲೆ ಸಣ್ಣದು ಮಾಡಿ, ಒಳಗ ಒಂದಿಷ್ಟು ಬಿಟ್ಟಿರಾಕ ಬರಂಗಿಲ್ಲೇನ್ರೀ? ಮುಂದ ಬೇಕಾದ್ರ ಬಿಚ್ಚಿಕೊಳ್ಳಾಕ?”

“ಇದು ಬಟ್ಟಿ ಅಲ್ಲಮ್ಮ” ಎಂದರು ಸಲ್ಮಾ. ಈ ಸಲ ನಗಲಿಲ್ಲ. “ವಿಚಾರ ಮಾಡಿ ಬರ್ರಿ.”

ಊರಿಗೆ ಬಂದವಳು ಒಳಪದರಕ್ಕೆ ಕೊಡುವ ಅಸ್ತರದ ಬಟ್ಟೆಯಲ್ಲಿ ಎರಡು ಜಂಪರು ಹೊಲಿದಳು. ಒಂದು ಸಣ್ಣದು, ಒಂದು ದೊಡ್ಡದು, ಎರಡೂ ಅವಳಿಗಿನ್ನೂ ಬಂದಿಲ್ಲದ ಮೈಯ ಅಳತೆಗೆ. ಎದುರಿನ ಮೊಳೆಗಳಿಗೆ ತೂಗುಹಾಕಿ, ಬೇರೆಯವರ ಕೆಲಸ ಮಾಡುತ್ತ ನೋಡುವಳು. ಸಣ್ಣದರ ಮೇಲೆಯೇ ಕಣ್ಣು. ಅದನ್ನು ಹಾಕಿಕೊಂಡು ನೆಟ್ಟಗೆ ಕೂತ ಹಾಗೆ, ಸಂಜೆಯವರೆಗೂ ಬೆರಳು ಚುರುಕಾಗಿ ಓಡಿದ ಹಾಗೆ, ಅಂಗಾತ ಮಲಗಿದರೆ ಉಸಿರು ಕಟ್ಟದ ಹಾಗೆ ಅವಳಿಗೆ ಕಾಣುತ್ತಿತ್ತು. ಇಡೀ ಮೈ ಅದನ್ನೇ ಕೇಳುತ್ತಿತ್ತು.

ಅತ್ತೆ ಮುದುಕಮ್ಮ ಕಸ ಹೊಡೆಯುತ್ತ ಬಂದು ನಿಂತಳು. “ಇದ್ಯಾವ ಹುಡುಗೀದಬೇ, ಇಷ್ಟ ಸಣ್ಣದು?”

“ನಂದ ಅತ್ತಿ. ಆಪರೇಶನ್ ಆದ ಮ್ಯಾಲೆ.” ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು.

“ಹಾಲಿಲ್ಲದ ಎದಿ ಇದ್ದು ಏನ್ ಮಾಡೂದೈತಿ?”

“ಕೂಸಿಲ್ಲದ ಹಾಲು ಇದ್ದು ಏನ್ ಮಾಡೂದೈತಿ?”

ಮುದುಕಮ್ಮ ಕಸಬರಿಗೆ ಅಲ್ಲೇ ಬಿಟ್ಟು ಒಳಗೆ ಹೋದಳು. ಆಡಿದ ಮಾತಿಗೆ ಮೌನೇಶ್ವರಿಗೇ ನಾಚಿಕೆಯಾಯಿತು. ಮಕ್ಕಳಾಗದ ಬಗ್ಗೆ ಸಿಂಧನೂರಿನಲ್ಲಿ ಅವಳ ಪರೀಕ್ಷೆ ಆಗಿತ್ತು, ದೋಷ ಸಿಕ್ಕಿರಲಿಲ್ಲ. ಯಮನೂರ ಒಬ್ಬನೇ ರಾಯಚೂರಿಗೆ ಹೋಗಿ ತೋರಿಸಿಕೊಂಡು ಬಂದು, ನನಗೂ ಏನೂ ಇಲ್ಲ ಎಂದಿದ್ದ. ಇಬ್ಬರಿಗೂ ಏನೂ ಇಲ್ಲದಿದ್ದರೆ ಇವತ್ತಲ್ಲ ನಾಳೆ ಆಗಲೇಬೇಕಲ್ಲ.

ಸಂಜೆ ಗಂಡ ಬಂದಾಗ ಎರಡೂ ಜಂಪರುಗಳನ್ನು ಅವನ ಮುಂದೆ ಹರವಿದಳು. “ನೀ ಒಂದ್ ಮಾತು ಹೇಳು. ನೀ ಸಣ್ಣದು ಅಂದ್ರ ಸಣ್ಣದ ಮಾಡ್ಸತೀನಿ. ಅತ್ತಿ ಮಾತು ನಾ ಮನಸಿಗೆ ಹಚ್ಚಿಕೊಳ್ಳಂಗಿಲ್ಲ.”

ಯಮನೂರ ಜಂಪರುಗಳನ್ನು ಮುಟ್ಟಲಿಲ್ಲ. ಬಾಗಿಲ ಕಡೆ ನೋಡುತ್ತ, “ದೊಡ್ಡದ ಇರಲಿ. ಕೂಸಿನ ಪಾಲು ಕೊಯ್ಸಬ್ಯಾಡ” ಎಂದ.

ಅವನು ಮಾತು ಕಡಿಮೆಯ ಮನುಷ್ಯ. ಅಪರೂಪಕ್ಕೆ ಬಾಯಿ ಬಿಟ್ಟವನ ಮಾತನ್ನು ಅವಳು ಆಸೆಯ ಮಾತೆಂದೇ ತಿಳಿದಳು. ಸಣ್ಣ ಜಂಪರಿನ ಹೊಲಿಗೆ ಬಿಚ್ಚಿ ಆ ಬಟ್ಟೆಯನ್ನು ಯಾರದೋ ತೋಳಿನ ಅಸ್ತರಕ್ಕೆ ಹಾಕಿದಳು.

ಆಪರೇಶನ್ ಸರಿಯಾಗಿಯೇ ಆಯಿತು. ಮೊದಲ ತಿಂಗಳುಗಳಲ್ಲಿ ಮೈ ಹಗುರಾಗಿತ್ತು. ಮೀರಾಬಿ ಬಂದು ನೋಡಿ, “ಇನ್ನಾ ಇಷ್ಟು ಉಳಿಸಿಕೊಳ್ಳಾಕ ಅಷ್ಟೆಲ್ಲಾ ಕೊಯ್ಸಿಕೊಂಡೇನಬೇ?” ಎಂದಳು. ಮತ್ತೆ ಮಷೀನಿಗೆ ಕೂತ ಮೇಲೆ ಡಾಕ್ಟರು ಹೇಳಿದ್ದೇ ನಿಜವಾಯಿತು. ಮಧ್ಯಾಹ್ನ ದಾಟುವಷ್ಟರಲ್ಲಿ ಕುತ್ತಿಗೆ ಸೆಟೆದು, ಬೆರಳು ಮರಗಟ್ಟುತ್ತಿದ್ದವು. ಮದುವೆಯ ಕೆಲಸಗಳನ್ನು ಒಲ್ಲೆನೆಂದು ತಿರುಗಿಸಿ ಕಳಿಸಿದಳು. ನೋವು ಬಂದಾಗ, ಇದು ಕೂಸಿನ ಪಾಲು ಎಂದುಕೊಂಡು ತಡೆದಳು.

ಪಾಲು ಇಟ್ಟುಕೊಂಡ ಮೇಲೆ ಕೂಸೂ ಬೇಕಲ್ಲ. ಮಕ್ಕಳಾಗದವರಿಗೆ ಚಿಕಿತ್ಸೆ ಕೊಡುವ ಡಾಕ್ಟರು ಸಿಂಧನೂರಿನಲ್ಲಿದ್ದರು. ಗಂಡ ಹೆಂಡತಿ ಇಬ್ಬರೂ ಬರಬೇಕು ಎಂದಿದ್ದರು. ಅವಳು ಕರೆದಾಗಲೆಲ್ಲ ಯಮನೂರನಿಗೆ ಅಡ್ಡಿ. ಆಟೋದ ಬ್ರೇಕು ಕೆಟ್ಟಿದೆ, ಕಾಲುವೆಗೆ ನೀರು ಬಿಟ್ಟಿದ್ದಾರೆ, ಗೊರೇಬಾಳದ ಕಡೆ ನಾಟಿಯ ಹೆಂಗಸರನ್ನು ಬಿಡಬೇಕು, ನಾಳೆ ಅಮಾವಾಸ್ಯೆ. ಒಂದು ಶುಕ್ರವಾರ ಅವಳು ಯಾವ ಮಾತೂ ಕೇಳದೆ ಅವನನ್ನು ಬಸ್ ಸ್ಟ್ಯಾಂಡಿಗೆ ಎಳೆದು ತಂದಳು. ಸಿಂಧನೂರು ಬಸ್ಸು ನಿಂತಿತ್ತು.

“ಹತ್ತು.”

“ನೀ ಹೋಗಿ ಬಾ.”

“ನಾ ಒಬ್ಬಾಕಿ ಹೋಗಿ ಏನಂತ ಹೇಳ್ಲಿ? ಗಂಡ ಅಂತ ಕಂಡಕ್ಟರ್‌ನ ಕರಕೊಂಡು ಹೋಗ್ಲೇನು?”

ಅವನು ನಗಲಿಲ್ಲ. ಕಂಬ ಹಿಡಿದು ನಿಂತ. “ಮೌನಿ, ನನ್ನಿಂದ ಆಗೂದಿಲ್ಲ.”

“ಏನ್ ಆಗೂದಿಲ್ಲ?”

“ಮಕ್ಕಳು. ರಾಯಚೂರಾಗ ಹೇಳ್ಯಾರ. ಔಷಧಕ್ಕ ಬಗ್ಗೂದಲ್ಲ ಅಂದಾರ.”

“ಯಾವಾಗ ಹೇಳ್ಯಾರ?”

“ಅವತ್ತ.”

ಬಸ್ಸಿನ ಕಿಟಕಿಗಳಲ್ಲಿ ಗುರುತಿನ ಮುಖಗಳಿದ್ದವು. ಅವಳು ದನಿ ತಗ್ಗಿಸಿದಳು. “ಮತ್ತ ದೊಡ್ಡದ ಇರಲಿ ಅಂದೆಲ್ಲಾ? ಕೂಸಿನ ಪಾಲು ಅಂದೆಲ್ಲಾ?”

“ಸಣ್ಣದು ಮಾಡ್ಸು ಅಂದಿದ್ರ, ಯಾಕ ಅಂತ ಕೇಳತಿದ್ದಿ.”

ಯಮನೂರ ಕೆಟ್ಟವನಲ್ಲ. ಕುಡಿಯುತ್ತಿರಲಿಲ್ಲ, ಅವಳ ಮೇಲೆ ಕೈ ಮಾಡಿದವನೂ ಅಲ್ಲ. ಅವನು ಹೇಡಿ. ಒಂದು ಹೆಣ್ಣಿನ ಮೈ ಹಾಳಾಗಲು ಅಷ್ಟು ಸಾಕಾಯಿತು.

ಸಿಂಧನೂರು ಬಸ್ಸು ಹೋಯಿತು. ಲಿಂಗಸುಗೂರಿನದು ಬಂದಾಗ ಮೌನೇಶ್ವರಿ ಗಂಡನ ಕಡೆ ತಿರುಗದೆ ಹತ್ತಿದಳು. ಆಸ್ಪತ್ರೆಯಲ್ಲಿ ಸಲ್ಮಾ ಅವಳನ್ನು ಕೂಡಲೇ ಗುರುತಿಸಿದರು.

“ಸಣ್ಣದು ಮಾಡ್ರಿ, ಮೇಡಂ. ನೀವು ಮೊದಲು ತೋರಿಸಿದ್ರಲ್ಲಾ, ಅಷ್ಟು.”

ಸಲ್ಮಾ ಗಾಯದ ಗೆರೆಗಳನ್ನು ಒತ್ತಿ ನೋಡಿದರು. “ಈಗ ಮುಟ್ಟಾಕ ಬರಂಗಿಲ್ಲ. ಒಳಗ ಇನ್ನಾ ಗಟ್ಟಿ ಐತಿ. ಕೊಯ್ದಲ್ಲೇ ಮತ್ತ ಕೊಯ್ದ್ರ ರಕ್ತ ಓಡಂಗಿಲ್ಲ, ತೊಟ್ಟು ಸತ್ತು ಕೊಳತೀತು. ವರ್ಷ ಕಳೀಲಿ, ನೋಡೂಣು. ಆವಾಗೂ ಆಗೇ ಆಗತೈತಿ ಅಂತ ಹೇಳಲಾರೆ.” ಕೈ ತೊಳೆದುಕೊಳ್ಳುತ್ತ ಕೇಳಿದರು, “ಹಿಂಗ್ಯಾಕಮ್ಮ? ನೀವ ಅಲ್ಲೇನು ಆರಿಸಿದ್ದು?”

ಹೇಳಲು ಅವಳಿಗೆ ಒಂದು ಗಳಿಗೆ ಸಿಕ್ಕಿತ್ತು. ಹೇಳಿದ್ದರೆ ಡಾಕ್ಟರಿಗೆ ಅರ್ಥವಾಗುತ್ತಿತ್ತು.

“ಹೌದ್ರಿ, ನಾನ ಆರಿಸಿದ್ದು” ಎಂದು ಜಂಪರಿನ ಹುಕ್ಕು ಹಾಕಿಕೊಂಡಳು.

ಮನೆ ಮುಟ್ಟಿದಾಗ ದೀಪ ಹಚ್ಚಿದ್ದರು. ದಿನವೆಲ್ಲ ಹೊರಗೇ ಕಳೆದ ಯಮನೂರ ಆಗಷ್ಟೇ ಬಂದು ತಟ್ಟೆಯ ಮುಂದೆ ಕೂತಿದ್ದ. ಮುದುಕಮ್ಮನಿಗೆ ಯಾವುದೂ ತಿಳಿದಿರಲಿಲ್ಲ. ಮಗ ಸೊಸೆ ಸಿಂಧನೂರಿಗೆ ಹೋಗಿ ಬಂದರೆಂದೇ ಅವಳ ನಂಬಿಕೆ. ಸಂತೆಯಿಂದ ಸಬ್ಬಸಿಗೆ ಸೊಪ್ಪು ತಂದು, ಬೆಳ್ಳುಳ್ಳಿ ಜಜ್ಜಿ ಹಾಕಿ ಪಲ್ಯ ಮಾಡಿದ್ದಳು. ಸೊಸೆಯ ರೊಟ್ಟಿಯ ಮೇಲೆ ಎರಡು ಹಿಡಿ ಇಟ್ಟಳು.

“ಉಣ್ಣಬೇ ಯವ್ವಾ. ಕೊಯ್ಸಿಕೊಂಡ ಎದಿ, ಈಗಿಂದ ತಿಂದ್ರ ಹಾಲಿನ ನರ ಬಿಚ್ಚತಾವ. ನನಗ ನಮ್ಮವ್ವ ಹಿಂಗ ಹಾಕತಿದ್ಲು. ಈ ಯಮನೂರ ಕುಡದು ಕುಡದು ಕಕ್ಕತಿದ್ದ.”

ಯಮನೂರ ತಟ್ಟೆಯಿಂದ ತಲೆ ಎತ್ತಲಿಲ್ಲ. ಮೌನೇಶ್ವರಿ ರೊಟ್ಟಿ ಮುರಿದು, ಪಲ್ಯ ಹಚ್ಚಿ, ಅತ್ತೆ ಹಾಕಿದ್ದಷ್ಟನ್ನೂ ತಿಂದಳು.

“ಇನ್ನಷ್ಟು ಹಾಕ್ಲೇನು?” ಎಂದಳು ಮುದುಕಮ್ಮ.

“ಹಾಕು ಅತ್ತಿ” ಎಂದಳು.