ಡಿಕ್ಷನರಿಯಲ್ಲಿ ಇಲ್ಲದ ಪದ

ಕಾರ್ಕಳದಿಂದ ಮಣಿಪಾಲಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ, ಡ್ರೈವರನ ಹಿಂದಿನ ಮೂರನೆಯ ಸಾಲಿನ ಕಿಟಕಿ ಪಕ್ಕದ ಸೀಟು ನನ್ನದು. ಹಾಗೆಂದು ಎಲ್ಲಿಯೂ ಬರೆದಿಲ್ಲ, ನಿಜ. ಆದರೆ ಆರು ವರ್ಷ ನನ್ನ ಗೆಳತಿ ಕಾರ್ಕಳದಲ್ಲಿ ಬಸ್ಸು ಹತ್ತಿ, ಆ ಸೀಟಿನ ಮೇಲೆ ತನ್ನ ಬುತ್ತಿಯ ಚೀಲ ಇಟ್ಟು, ಬೈಲೂರಿನಲ್ಲಿ ನಾನು ಹತ್ತುವವರೆಗೆ ಅದನ್ನು ಕಾದಿದ್ದಾಳೆ. ಮುದುಕರು, ಮಕ್ಕಳನ್ನು ಎತ್ತಿಕೊಂಡವರು ಬಂದರೆ ತಾನೇ ಎದ್ದು ಜಾಗ ಕೊಡುತ್ತಿದ್ದಳೇ ಹೊರತು ನನ್ನ ಸೀಟು ಕೊಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಮಾಡಿದ ಕೆಲಸ ತಿಳಿದು ನೀವು ನನ್ನನ್ನು ಬೈಯುತ್ತೀರಿ. ಬೈಯುವ ಮೊದಲು ಆ ಚೀಲವನ್ನು ನೆನಪಿಟ್ಟುಕೊಳ್ಳಿ.

ಮಣಿಪಾಲದಲ್ಲಿ ಥೀಸಿಸ್ ಟೈಪ್ ಮಾಡಿ ಬೈಂಡ್ ಮಾಡಿಕೊಡುವ ಒಂದು ಅಂಗಡಿಯಲ್ಲಿ ನನಗೆ ಕೆಲಸ. ಗೆಳತಿ ಅಲ್ಲಿಯೇ ಒಂದು ಕಾಲೇಜಿನ ಲೈಬ್ರರಿ ಕೌಂಟರಿನಲ್ಲಿ ಇದ್ದಾಳೆ. ನನ್ನ ಮನೆಮಾತು ತುಳು, ಅವಳದು ಕೊಂಕಣಿ. ಪರಿಚಯವಾದ ದಿನ ಬಸ್ಸಿನಲ್ಲಿ ಕನ್ನಡದಲ್ಲಿ ಮಾತಾಡಿದ್ದೆವು, ಅದೇ ಉಳಿಯಿತು. ಇಬ್ಬರೂ ಹತ್ತನೆಯ ತರಗತಿಯವರೆಗೆ ಕನ್ನಡ ಮೀಡಿಯಂ. ಇಂಗ್ಲಿಷ್ ಎಂದರೆ ನನಗೆ ಬೆರಳುಗಳ ಕೆಲಸ. ಕಣ್ಣಿಗೆ ಬಿದ್ದದ್ದು ನೇರ ಕೀಬೋರ್ಡಿಗೆ ಹೋಗುತ್ತಿತ್ತು, ತಲೆಯ ಕಡೆ ತಿರುಗುತ್ತಿರಲಿಲ್ಲ. ಒಮ್ಮೆ ಒಬ್ಬ ವಿದ್ಯಾರ್ಥಿನಿ ಕೈಯಲ್ಲಿ ಬರೆದುಕೊಟ್ಟ ತಿದ್ದುಪಡಿಯಲ್ಲಿ ಒಂದು ಪದ ತಿಳಿಯದೆ ಅರ್ಥ ಕೇಳಿದೆ. ಅವಳು ಮೊಬೈಲಿನಿಂದ ತಲೆ ಎತ್ತದೆ, "ಆಂಟಿ, ನಿಮಗೆ ಅರ್ಥ ಯಾಕೆ? ಇದ್ದ ಹಾಗೆ ಟೈಪ್ ಮಾಡಿ" ಎಂದಳು. ಮೈಯೆಲ್ಲ ಉರಿದುಹೋಯಿತು. ಸಂಜೆ ಗೆಳತಿಗೆ ಹೇಳಿದೆ. ಅವಳು ಸಮಾಧಾನ ಹೇಳುವ ಪೈಕಿಯಲ್ಲ. "ಅವಳಿಗೂ ಗೊತ್ತಿಲ್ಲದ ಪದ ನಾವು ಕಲಿಯುವ ಮಾರಾಯ್ತಿ. ನಾಳೆಯಿಂದ ದಿನಕ್ಕೊಂದು" ಎಂದಳು.

ನಿಯಮ ಸುಲಭದ್ದು. ಒಂದು ದಿನ ಅವಳು, ಒಂದು ದಿನ ನಾನು, ಯಾರೂ ಬಳಸದ ಧೂಳು ಹಿಡಿದ ಇಂಗ್ಲಿಷ್ ಪದವೊಂದನ್ನು ತರಬೇಕು. ಬಸ್ಸು ಮಣಿಪಾಲಕ್ಕೆ ಮೊದಲು ಸಿಗುವ ಪರ್ಕಳ ದಾಟುವುದರೊಳಗೆ ಇನ್ನೊಬ್ಬಳು ಅದರ ಅರ್ಥ ಊಹಿಸಬೇಕು. ಅವಳು ಲೈಬ್ರರಿಯ ದಪ್ಪ ಡಿಕ್ಷನರಿಗಳಿಂದ ಹೆಕ್ಕಿ ತರುತ್ತಿದ್ದಳು, ನಾನು ಮೊಬೈಲಿನಿಂದ. ಹೊಟ್ಟೆ ಗುರುಗುಟ್ಟುವ ಸದ್ದಿಗೆ ಬೊರ್ಬೊರಿಗ್ಮಸ್ ಎನ್ನುತ್ತಾರೆಂದು ನಾನು ಹೇಳಿದ್ದು ಅವಳ ಸಂಕಷ್ಟಿ ಉಪವಾಸದ ದಿನ; ಅವಳ ಹೊಟ್ಟೆಯೇ ಉದಾಹರಣೆ ಕೊಟ್ಟಿತು. ತಿನ್ನುವವರ ಬಾಯಿಯನ್ನೇ ಆಸೆಯಿಂದ ನೋಡುತ್ತ ಕುಳಿತುಕೊಳ್ಳುವುದಕ್ಕೆ ಗ್ರೋಕ್. ತನಗೆ ಗೊತ್ತಿಲ್ಲದ ವಿಷಯದಲ್ಲೂ ತೀರ್ಪು ಕೊಡುವವನು ಅಲ್ಟ್ರಾಕ್ರೆಪಿಡೇರಿಯನ್. ಈ ಬಿರುದನ್ನು ನಾವು ರಸ್ತೆ, ರಾಜಕೀಯ, ಸಕ್ಕರೆ ಕಾಯಿಲೆ ಎಲ್ಲದರ ಮೇಲೂ ಭಾಷಣ ಮಾಡುವ ನಮ್ಮ ಕಂಡಕ್ಟರಿಗೆ ಕೊಟ್ಟೆವು. ಅವರು ಹತ್ತಿರ ಬಂದಾಗ ಮೆಲ್ಲಗೆ ಆ ಪದ ಹೇಳಿ ನಗುವುದು, ಅವರು "ಎಂತ, ಇಬ್ಬರದ್ದೂ ಭಾರಿ ಇಂಗ್ಲಿಷ್!" ಎನ್ನುವುದು. ಅಂಗಡಿಯಲ್ಲಿ ಒಂದು ಪದವನ್ನೂ ಬಳಸುವ ಸಂದರ್ಭ ಬರಲಿಲ್ಲ. ಬರುವುದೂ ಬೇಡವಾಗಿತ್ತು. ಅವು ನಮ್ಮಿಬ್ಬರಿಗೆ ಮಾತ್ರ ಗೊತ್ತಿದ್ದವು, ನನಗೆ ಅಷ್ಟು ಸಾಕಿತ್ತು.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಬೈಲೂರಿನಲ್ಲಿ ಹತ್ತಿದರೆ ಚೀಲ ಗೆಳತಿಯ ಮಡಿಲಿನಲ್ಲಿತ್ತು. ನನ್ನ ಸೀಟಿನಲ್ಲಿ ಒಬ್ಬಳು ಕುಳಿತಿದ್ದಳು.

"ಇವರು ಇಂಗ್ಲಿಷ್ ಲೆಕ್ಚರರ್. ಕಾರ್ಕಳದಲ್ಲಿ ಹೊಸದಾಗಿ ಮನೆ ಮಾಡಿದ್ದಂತೆ. ಹಿರಿಯಡಕದಲ್ಲಿ ಇಳಿಯುತ್ತಾರೆ, ಅಲ್ಲಿವರೆಗೆ ಸ್ವಲ್ಪ ಅಡ್ಜಸ್ಟ್ ಮಾಡು ಆಯ್ತಾ" ಎಂದಳು ಗೆಳತಿ.

ಮೂವತ್ತು ದಾಟದ ಹುಡುಗಿ. ಲೆಕ್ಚರರ್ ಎಂದ ಮೇಲೆ ಬಹುವಚನ ಕೊಡಬೇಕು, ಗೊತ್ತುಂಟು. ಬಸ್ಸಿನಲ್ಲಿ ಕೊಡುತ್ತೇನೆ, ಇಲ್ಲಿ ಮನಸ್ಸು ಬರುವುದಿಲ್ಲ. ಮೊದಲ ದಿನವೇ ಗೆಳತಿ ಅವಳಿಗೆ ಅಲ್ಟ್ರಾಕ್ರೆಪಿಡೇರಿಯನ್ ಹೇಳಿಕೊಟ್ಟಳು. ನಮ್ಮ ಪದ! ಕಂಡಕ್ಟರನ್ನು ತೋರಿಸಿಯೂ ಆಯಿತು. ಅವಳು ನಕ್ಕು, ಅದು ಚಪ್ಪಲಿ ಹೊಲಿಯುವವನೊಬ್ಬನ ಹಳೆಯ ಕತೆಯಿಂದ ಬಂದದ್ದು, ಚಿತ್ರದಲ್ಲಿ ಚಪ್ಪಲಿಯ ತಪ್ಪು ತೋರಿಸಿದವನು ಕಾಲಿನ ತಪ್ಪನ್ನೂ ಹೇಳಹೊರಟನಂತೆ ಎಂದು ವಿವರಿಸಿದಳು. ಗೆಳತಿ ಬಾಯಿ ಬಿಟ್ಟು ಕೇಳಿದಳು. ನಾನು ಕಂಬಿ ಹಿಡಿದು ನಿಂತು ಇಬ್ಬರ ನೆತ್ತಿಯನ್ನೂ ನೋಡುತ್ತಿದ್ದೆ. ಆ ಹುಡುಗಿಯ ಬೈತಲೆ ನೇರವಾಗಿತ್ತು. ಅದಕ್ಕೂ ನನಗೆ ಸಿಟ್ಟು ಬಂತು.

ಅದು ದಿನಚರಿಯೇ ಆಯಿತು. ಬೈಲೂರಿನಿಂದ ಹಿರಿಯಡಕದವರೆಗೆ ನಾನು ನಿಲ್ಲುವುದು, ಆಮೇಲೆ ಕುಳಿತುಕೊಳ್ಳುವುದು. ಅರ್ಧ ದಾರಿ ನನಗೆ ಉಳಿದಿತ್ತಲ್ಲ ಎಂದು ನೀವು ಹೇಳಬಹುದು. ನನ್ನ ಗಂಡನೂ ಹಾಗೇ ಹೇಳಿದರು, ಅವರ ಜೊತೆ ಎರಡು ದಿನ ಮಾತು ಬಿಟ್ಟೆ. ಆ ಅರ್ಧ ದಾರಿಯಲ್ಲೂ ಗೆಳತಿಯ ಬಾಯಲ್ಲಿ "ಮೇಡಂ ಹೀಗೆ ಹೇಳಿದ್ರು, ಮೇಡಂ ಹಾಗೆ ಹೇಳಿದ್ರು." ನಾನು ಹಟಕ್ಕೆ ಬಿದ್ದೆ. ಮಧ್ಯಾಹ್ನ ಊಟ ಬೇಗ ಮುಗಿಸಿ ಮೊಬೈಲಿನಲ್ಲಿ ಹುಡುಕಿ, ಯಾವ ಲೆಕ್ಚರರಿಗೂ ಸಿಗದಂಥ ಪದಗಳನ್ನು ಗಟ್ಟಿ ಮಾಡಿಕೊಂಡು ಹೋಗುತ್ತಿದ್ದೆ. ಒಂದು ದಿನ ಬಹಳ ಹುಮ್ಮಸ್ಸಿನಿಂದ, ಶೂ ದಾರದ ತುದಿಯ ಗಟ್ಟಿ ತುಂಡಿಗೆ ಆಗ್ಲೆಟ್ ಎನ್ನುತ್ತಾರೆ ಎಂದೆ. ಗೆಳತಿ, "ಹೌದಾ, ಅದು ಮೇಡಂ ಮೊನ್ನೆಯೇ ಹೇಳಿದ್ರು" ಎಂದಳು. ಅಷ್ಟು ಸಹಜವಾಗಿ ಹೇಳಿದಳು. ನನಗೆ ಅಳು ಬಂತು, ನಲವತ್ತೇಳು ವರ್ಷದವಳಿಗೆ, ಶೂ ದಾರದ ತುದಿಗಾಗಿ.

ಮರುದಿನ ಹಿರಿಯಡಕದಲ್ಲಿ ಲೆಕ್ಚರರ್ ಇಳಿದಳು. ನಾನು ಕುಳಿತೆ. ರೆಕ್ಸಿನ್ ಸೀಟು ಬಿಸಿಯಾಗಿತ್ತು. ನನ್ನದೇ ಸೀಟಿನಲ್ಲಿ ಇನ್ನೊಬ್ಬಳ ಮೈಯ ಬಿಸಿ! ಬಾಯಿಂದ ತಾನಾಗಿ ಬಂತು.

"ಕ್ವಿಂಡಲ್" ಎಂದೆ.

"ಅದೆಂತದು?"

"ಎದ್ದು ಹೋದವರ ಬಿಸಿ ಸೀಟಿನಲ್ಲಿ ಸ್ವಲ್ಪ ಹೊತ್ತು ಉಳಿಯುತ್ತದಲ್ಲ, ಅದಕ್ಕೆ ಕ್ವಿಂಡಲ್ ಅಂತ."

ಅಂಥ ಪದ ಇಲ್ಲ. ಆ ಕ್ಷಣದಲ್ಲಿ ನಾನೇ ಹುಟ್ಟಿಸಿದ್ದು. ಗೆಳತಿಯ ಮುಖ ಅರಳಿತು. ಬ್ಯಾಗಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಬರೆದುಕೊಂಡಳು. "ಚಂದ ಉಂಟು ಮಾರಾಯ್ತಿ. ಇದು ಮೇಡಂಗೂ ಗೊತ್ತಿರಲಿಕ್ಕಿಲ್ಲ."

"ಕೇಳಿ ನೋಡು" ಎಂದೆ.

ನನ್ನ ಲೆಕ್ಕಾಚಾರ ಮುಚ್ಚಿಡುವುದಿಲ್ಲ. ಅವಳು ಹೋಗಿ ಆ ಪದ ಹೇಳಬೇಕು, ಲೆಕ್ಚರರ್ ಅಂಥದ್ದಿಲ್ಲ ಎಂದು ನಗಬೇಕು, ಗೆಳತಿಗೆ ಅವಮಾನವಾಗಬೇಕು. ಕಲಿತವರ ಸಹವಾಸ ನಮ್ಮಂಥವರಿಗಲ್ಲ ಎಂದು ಆಗ ನನ್ನ ಪಕ್ಕಕ್ಕೆ ಬಂದೇ ಬರುತ್ತಾಳೆ. ಆರು ವರ್ಷ ನನ್ನ ಸೀಟು ಕಾದವಳಿಗೆ ನಾನು ಬಯಸಿದ್ದು ಇದನ್ನು.

ಒಂದು ವಾರ ಏನೂ ಆಗಲಿಲ್ಲ. ಗೆಳತಿ ಆ ಪದದ ಸುದ್ದಿಯನ್ನೇ ಎತ್ತಲಿಲ್ಲ. ಆಮೇಲೆ ಲೆಕ್ಚರರ್ ನಮ್ಮಿಬ್ಬರನ್ನೂ ಕಾಪುವಿಗೆ ಕರೆದಳು. ಅವಳೂ ಅವಳ ಸಹೋದ್ಯೋಗಿಗಳು ನಾಲ್ಕೈದು ಮಂದಿಯೂ ತಿಂಗಳಿಗೊಂದು ಭಾನುವಾರ ಎಲ್ಲಾದರೂ ಸೇರಿ ಪದಗಳ ಬಗ್ಗೆ ಹರಟುತ್ತಾರಂತೆ, ಈ ಸಲ ಬೀಚಿನಲ್ಲಂತೆ. ಹೋಗುವುದಿಲ್ಲ ಎನ್ನಬೇಕಿತ್ತು. ಆದರೆ ಗೆಳತಿ ಒಬ್ಬಳೇ ಹೋದರೆ ಅಲ್ಲಿ ಏನೇನು ಮಾತಾಡುತ್ತಾರೋ ಎಂಬ ಸಂಕಟ ಅದಕ್ಕಿಂತ ದೊಡ್ಡದಿತ್ತು.

ದೀಪಸ್ತಂಭದ ಕೆಳಗಿನ ಬಂಡೆಗಳ ಮೇಲೆ ಕುಳಿತೆವು. ಚುರುಮುರಿಯ ಪೊಟ್ಟಣ ಕೈಯಿಂದ ಕೈಗೆ ಹೋಗುತ್ತಿತ್ತು. ಒಬ್ಬೊಬ್ಬರು ಒಂದೊಂದು ಪದ ಹೇಳಬೇಕು. ಗೆಳತಿಯ ಸರದಿ ಬಂತು. ಸೆರಗು ಸರಿ ಮಾಡಿಕೊಂಡು, ಶಾಲೆಯ ಮಕ್ಕಳ ಹಾಗೆ ನೆಟ್ಟಗೆ ಕುಳಿತು, ಗಟ್ಟಿಯಾಗಿ "ಕ್ವಿಂಡಲ್" ಎಂದಳು. ಅರ್ಥವನ್ನೂ ಹೇಳಿದಳು.

ಒಬ್ಬ ಯುವಕ ಮೊಬೈಲಿನಲ್ಲಿ ಹುಡುಕಿದ. ಇನ್ನೊಬ್ಬರೂ ಹುಡುಕಿದರು. "ಎಲ್ಲಿಯೂ ತೋರಿಸುವುದಿಲ್ಲವಲ್ಲ. ಯಾವ ಡಿಕ್ಷನರಿಯಲ್ಲಿ ನೋಡಿದ್ದು ನೀವು?" ಎಂದ ಅವನು, ನಗು ತಡೆದುಕೊಂಡು. ನಾನು ಬಯಸಿದ ಕ್ಷಣ ಅದು. ನಾನು ದೀಪಸ್ತಂಭದ ಕಪ್ಪು ಬಿಳಿ ಪಟ್ಟೆಗಳನ್ನು ಎಣಿಸತೊಡಗಿದೆ.

"ಯಾವುದರಲ್ಲಿಯೂ ಇಲ್ಲ," ಎಂದಳು ಗೆಳತಿ. "ನಮ್ಮ ಲೈಬ್ರರಿಯಲ್ಲಿ ಇದ್ದದ್ದೆಲ್ಲ ನೋಡಿ ಆಯಿತು. ಇದು ಇವಳು ಮಾಡಿದ ಪದ." ನನ್ನ ಭುಜದ ಮೇಲೆ ಕೈ ಇಟ್ಟಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ಲೆಕ್ಚರರ್ ಎಲ್ಲರಿಗಿಂತ ಜೋರಾಗಿ ತಟ್ಟಿ, "ಅಕ್ಕ, ಇಷ್ಟು ದಿನ ನೀವು ಮಾತೇ ಆಡಲಿಲ್ಲವಲ್ಲ!" ಎಂದಳು. ನಾನು ಚುರುಮುರಿ ತಿಂದೆ. ಖಾರವೋ ಉಪ್ಪೋ ತಿಳಿಯಲಿಲ್ಲ.

ಸಂಜೆ ಲೆಕ್ಚರರನ್ನು ಅವಳ ಸಹೋದ್ಯೋಗಿಗಳ ಜೊತೆ ಅಲ್ಲೇ ಬಿಟ್ಟು ನಾವಿಬ್ಬರೂ ಉಡುಪಿಗೆ ಬಂದು ಕಾರ್ಕಳದ ಬಸ್ಸು ಹತ್ತಿದೆವು. ಮಣಿಪಾಲ ದಾಟಿದ ಮೇಲೆ ನಾನೇ, "ಯಾವಾಗ ಗೊತ್ತಾಯಿತು?" ಎಂದು ಕೇಳಿದೆ.

"ನೀನು ಹೇಳಿದ ದಿನವೇ. ಮಧ್ಯಾಹ್ನ ಊಟಕ್ಕೂ ಹೋಗಲಿಲ್ಲ, ಹುಡುಕಿದ್ದೇ ಹುಡುಕಿದ್ದು. ನೀನು ಹೇಳಿದ ಮೇಲೆ ಇಲ್ಲದೆ ಇರುವುದಿಲ್ಲ ಅಂತ." ಅವಳು ಹೊರಗೆ ನೋಡುತ್ತಿದ್ದಳು. "ಎಲ್ಲ ಹುಡುಕಿ ಮುಗಿದ ಮೇಲೆ ಆಲೋಚನೆ ಮಾಡಿದೆ, ಇವಳಿಗೆ ಇಂಥ ಪದ ಎಲ್ಲಿಂದ ಬಂತು ಅಂತ. ಸೀಟಿನ ಬಿಸಿ ಕುಳಿತವರಿಗೆ ಗೊತ್ತಾಗುವುದಿಲ್ಲ. ನಿಂತುಕೊಂಡು ಬಂದವರಿಗೆ ಅಲ್ವಾ ಗೊತ್ತಾಗುವುದು."

ನಾನು ಯಾಕೆ ಹಾಗೆ ಮಾಡಿದೆ ಎಂದು ಹೇಳಲು ಹೊರಟೆ. ಅವಳು "ಬಿಡು" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಲೂರಿನಲ್ಲಿ ಇಳಿದವಳು ಬಸ್ಸು ಕಣ್ಮರೆಯಾದರೂ ನಿಂತೇ ಇದ್ದೆ.

ಸೋಮವಾರ ಬಸ್ಸು ಬಂದಾಗ ಹತ್ತಲೋ ಬೇಡವೋ ಎಂದು ಒಂದು ಕಾಲು ಹಿಂದೆಯೇ ಇತ್ತು. ಕಂಡಕ್ಟರ್ ಗದರಿದ ಮೇಲೆ ಹತ್ತಿದೆ. ಮೂರನೆಯ ಸಾಲಿನಲ್ಲಿ ಕಿಟಕಿಯ ಪಕ್ಕ ಲೆಕ್ಚರರ್ ಕುಳಿತಿದ್ದರು. ಅವರ ಪಕ್ಕದ ಸೀಟಿನ ಮೇಲೆ ಬುತ್ತಿಯ ಚೀಲವಿತ್ತು. ಗೆಳತಿ ಕಂಬಿ ಹಿಡಿದು ನಿಂತಿದ್ದಳು.

"ಕುಳಿತುಕೋ," ಎಂದು ಚೀಲ ಎತ್ತಿದಳು. "ಹಿರಿಯಡಕದವರೆಗೆ ನಾನು ನಿಲ್ಲುತ್ತೇನೆ."

ಕುಳಿತೆ. ಅವಳು ಆಗಷ್ಟೇ ಎದ್ದಿದ್ದಳು. ಸೀಟು ಇನ್ನೂ ಬಿಸಿಯಾಗಿತ್ತು.