ಬಜ್ಪೆಯಿಂದ ಬೆಂಗಳೂರಿಗೆ ಅತ್ತೆ ಹಾರಿದ್ದು

ಅರವತ್ತರ ದಶಕದ ಆರಂಭದಲ್ಲಿ ನಾನು ಮೂಡುಬಿದಿರೆಯ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದೆ. ಒಂದು ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲಿದ್ದ ನಾದಿನಿಗೆ ಹೆಣ್ಣು ಮಗು ಹುಟ್ಟಿತು. ನೋಡಿ ಬರಲು ಅತ್ತೆ, ಮಾವ ಮತ್ತು ನನಗೆ ಬಜ್ಪೆಯಿಂದ ವಿಮಾನದ ಟಿಕೆಟು ಮಾಡಿಸುತ್ತೇನೆಂದು ನನ್ನ ಗಂಡ ಹೇಳಿದರು. ಅತ್ತೆ ಕೂಡಲೇ ಒಪ್ಪಿದರು. ಮಾವ ಮಾತ್ರ ಬೇಡವೆಂದು ತಲೆಯಾಡಿಸಿದರು.

"ನೆಲ ಬಿಟ್ಟು ನಾನು ಬರುವುದಿಲ್ಲ. ಚಾರ್ಮಾಡಿ ಘಾಟಿ ಮೇಲೆ ಬಸ್ಸು ಉಂಟಲ್ಲ, ಸಾಕು."

"ಅದಕ್ಕೆ ಇಡೀ ದಿನ ಬೇಕಲ್ಲ ಮಾವ? ವಿಮಾನಕ್ಕೆ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ."

ಶಾಲೆಯ ಭೂಪಟ ತಂದು, ಎರಡು ವಿಮಾನ ನಿಲ್ದಾಣಗಳ ನಡುವೆ ನೂಲು ಎಳೆದು ತೋರಿಸಿದೆ. ಅದೇ ನೂಲನ್ನು ಘಾಟಿಯ ರಸ್ತೆಯ ಮೇಲೆ ಬಗ್ಗಿಸಿ ಇಟ್ಟಾಗ ಅದು ಬೆಂಗಳೂರು ಮುಟ್ಟಲೇ ಇಲ್ಲ.

"ಉಳಿದದ್ದನ್ನು ನಡೆದು ಹೋಗ್ತೇನೆ," ಎಂದರು ಮಾವ.

ಹೊರಡುವ ದಿನ ಮಾವ ಬಾಣಂತಿಗೆಂದು ತೆಂಗಿನೆಣ್ಣೆ, ಕುಚ್ಚಲಕ್ಕಿ ಕಟ್ಟಿಕೊಂಡು ಘಾಟಿಯ ಬಸ್ಸು ಹಿಡಿಯಲು ಬೆಳಗಿನ ಮೊದಲ ಬಸ್ಸಿಗೆ ಬೆಳ್ತಂಗಡಿಗೆ ಹೋದರು. ನಾವಿಬ್ಬರು ಬಿಸಿಲು ಬಂದ ಮೇಲೆ ಬಜ್ಪೆಗೆ ಹೊರಟೆವು. ಅತ್ತೆ ಮದುವೆಗೆ ಹೋಗುವವರಂತೆ ರೇಷ್ಮೆ ಸೀರೆ ಉಟ್ಟಿದ್ದರು. ವಿಮಾನದವರು ಕಿವಿಗೆ ಹತ್ತಿಯನ್ನೂ ಬಾಯಿಗೆ ಪೆಪ್ಪರಮಿಂಟನ್ನೂ ಕೊಟ್ಟರು. ಏರುವಾಗ ಅತ್ತೆ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದಿದ್ದರು, ಬಳೆಗಳ ಗುರುತು ಬೀಳುವಷ್ಟು. ಮೇಲೆ ಸೇರಿದ ಮೇಲೆ ಹಿಡಿತ ಸಡಿಲವಾಯಿತು. ನೋಡಿದರೆ ನಿದ್ದೆ! ಹಿಂದಿನ ದಿನವಿಡೀ ಉಂಡೆ ಕಟ್ಟಿದ ದಣಿವು. ಹಸಿರು ಬೆಟ್ಟಗಳನ್ನೂ ಅವುಗಳ ನಡುವಿನ ತೆಳು ಗೆರೆಯಂಥ ರಸ್ತೆಯನ್ನೂ ನಾನೊಬ್ಬಳೇ ನೋಡಿದೆ. ಬೆಂಗಳೂರಿನಲ್ಲಿ ಇಳಿಯುವಾಗ ಎಬ್ಬಿಸಬೇಕಾಯಿತು.

ಮಾವ ಬಂದದ್ದು ಮರುದಿನ ಬೆಳಿಗ್ಗೆ, ಮೈಯೆಲ್ಲ ಧೂಳು. ನಮಗೆ ಗಾಬರಿಯಾಗಿತ್ತು, ಅವರ ಮುಖ ಮಾತ್ರ ಅರಳಿತ್ತು. ಮುಂಡಾಜೆ ದಾಟಿ ಘಾಟಿ ಹತ್ತುವಾಗ ಬಸ್ಸು ಕೆಟ್ಟು, ರಿಪೇರಿಯಾಗುವಷ್ಟರಲ್ಲಿ ಹೊತ್ತು ಹೋಗಿ, ಹಾಸನದಲ್ಲಿ ಉಳಿದಿದ್ದರಂತೆ.

"ಘಾಟಿಯಲ್ಲಿ ನಿಂತಿರುವಾಗ ಮೇಲೆ ಗುಂಯ್ ಅಂತ ಸದ್ದು ಮಾರಾಯ್ತಿ," ಎಂದು ಅತ್ತೆಗೆ ಹೇಳತೊಡಗಿದರು. "ಅದರಲ್ಲಿ ನನ್ನ ಹೆಂಡತಿ ಇದ್ದಾಳೆ ಅಂದೆ. ಬಸ್ಸಿನವರೆಲ್ಲ ಕೈ ಬೀಸಿದರು. ಡ್ರೈವರು ಹಾರ್ನು ಹೊಡೆದ! ನಾನು ಈ ಕೆಂಪು ಬೈರಾಸು ಹೆಗಲಿನಿಂದ ತೆಗೆದು ಬೀಸಿದ್ದೇ ಬೀಸಿದ್ದು. ನಿನಗೆ ಕಂಡಿತಾ?"

ಅತ್ತೆ ಒಂದು ಕ್ಷಣ ನನ್ನ ಮುಖ ನೋಡಿದರು.

"ಕಾಣದೆ ಇರ್ತದಾ? ಕೆಂಪು ಅಲ್ಲವಾ? ನಾನೂ ಕೈ ಬೀಸಿದೆ."

ನನಗೆ ನಗು ತಡೆಯಲಾಗದೆ ಕಾಫಿಯ ನೆಪ ಮಾಡಿ ಒಳಗೆ ಓಡಿದೆ. ಮಾವ ಕೈಕಾಲು ತೊಳೆದು ಬಂದು ಮೊಮ್ಮಗಳನ್ನು ಮಡಿಲಿಗೆ ತೆಗೆದುಕೊಂಡು, ಅವಳಿಗೂ ಅದೇ ಕಥೆಯನ್ನು ಮೊದಲಿನಿಂದ ಹೇಳಿದರು.

ವಾರ ಕಳೆದು ಹಿಂದಿರುಗುವ ಮಾತು ಬಂದಾಗ ಅವರೇ, "ಮೂರು ಟಿಕೆಟು ತೆಗೆಯುವ. ನನಗೆ ಕಿಟಕಿ ಬೇಕು," ಎಂದರು. ದಾರಿಯುದ್ದಕ್ಕೂ ಹಣೆಯನ್ನು ಗಾಜಿಗೆ ಒತ್ತಿ ಕುಳಿತಿದ್ದರು. ಅತ್ತೆಗೆ ಕಣ್ಣು ಮುಚ್ಚಲು ಬಿಡಲಿಲ್ಲ. ಬಜ್ಪೆಯ ಗುಡ್ಡದ ಮೇಲೆ ಇಳಿದಾಗ ಮಾವನಿಗೆ ಎದ್ದೇಳಲು ಮನಸ್ಸೇ ಇಲ್ಲ.

"ಇಷ್ಟೇಯಾ? ಸರಿಯಾಗಿ ಕೂತುಕೊಳ್ಳುವಷ್ಟರಲ್ಲಿ ಮುಗಿಯಿತಲ್ಲ!"

ಅಲ್ಲಿಂದ ಎರಡು ಬಸ್ಸು ಬದಲಿಸಿ ಮೂಡುಬಿದಿರೆ ಸೇರಲು ನಮಗೆ ಹಾರಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಮಾವನಿಗೆ ಬೇಸರವೇ ಆಗಲಿಲ್ಲ. ಕೂರಲು ಜಾಗವಿಲ್ಲದೆ ಕಂಬಿ ಹಿಡಿದು ನಿಂತು, ಕಂಡಕ್ಟರನಿಗೆ ಮೋಡಗಳ ವಿಷಯ ಹೇಳುತ್ತಿದ್ದರು.